ಮೂವತ್ತೆರಡು ಬಿಟ್ಟು ಅರವತ್ನಾಲ್ಕಕ್ಕೆ

ನಮ್ಮ ಮನೆಯ ಕಂಪ್ಯೂಟರು ಇನ್ನು ಕೆಲಸಕ್ಕೆ ಬಾರದು ಎಂಬ ಮಾತು ಮೊದಲು ಬಂದದ್ದು ಮಗಳ ಬಾಯಿಂದ. ಅವಳು ಬಿ.ಇಡಿ. ಓದುತ್ತಿದ್ದಳು. ಪಾಠದ ವಿಡಿಯೊಗಳನ್ನು ನೋಡಿ, ಅಲ್ಲೇ ಉತ್ತರ ಬರೆದು ಕಳಿಸಬೇಕಿತ್ತು. ನಮ್ಮ ಕಂಪ್ಯೂಟರಿನಲ್ಲಿ ಆ ಪುಟ ತೆರೆದರೆ, ನಿಮ್ಮ ಬ್ರೌಸರ್ ಹಳೆಯದಾಯಿತು, ಹೊಸದು ಹಾಕಿಕೊಳ್ಳಿ ಎಂಬ ಒಂದೇ ಸಾಲು ಬರುತ್ತಿತ್ತು. ಹೊಸದು ಹಾಕಲು ಹೋದರೆ, ನಿಮ್ಮದು ಮೂವತ್ತೆರಡು ಬಿಟ್ಟಿನ ಆಪರೇಟಿಂಗ್ ಸಿಸ್ಟಮ್, ನಮಗೆ ಅರವತ್ನಾಲ್ಕು ಬಿಟ್ಟಿನದು ಬೇಕು ಎಂದು ಅದೂ ಮುಖ ತಿರುಗಿಸುತ್ತಿತ್ತು. ಮಗಳು ಅಂಗೈಯಗಲದ ಫೋನಿನಲ್ಲಿ ಪಾಠ ನೋಡಿ ನೋಡಿ ಹಣೆಗೆ ಬಟ್ಟೆ ಕಟ್ಟಿಕೊಂಡು ಓಡಾಡತೊಡಗಿದಳು. "ಅರವತ್ನಾಲ್ಕು ಹಾಕಿಸಪ್ಪ" ಎಂದಳು. ನೋಡೋಣ ಎಂದೆ. ನಾನು ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅದು ಅವಳಿಗೂ ಗೊತ್ತು.

ಆ ಕಂಪ್ಯೂಟರು ನನ್ನದಲ್ಲ, ನನ್ನ ಹೆಂಡತಿಯದು. ಅವಳು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಧುಗಿರಿಯ ಬೆಟ್ಟದ ಬುಡದ ಕಡೆಯ ನಮ್ಮ ಬಾಡಿಗೆ ಮನೆಯಲ್ಲಿ, ಬೀದಿಗೆ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಕೂತು ಅವಳು ಹದಿನೈದು ವರ್ಷ ಡಿಟಿಪಿ ಮಾಡಿದಳು. ಮದುವೆ ಕಾರ್ಡು, ನಾಮಕರಣದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ತಹಸೀಲ್ದಾರರಿಗೆ ಕೊಡುವ ಅರ್ಜಿ, ಸಂಘದವರ ಕರಪತ್ರ. ಎಲ್ಲವನ್ನೂ ಒಂದು ಹಳೆಯ ಕನ್ನಡ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದಳು. ಅದು ಮೂವತ್ತೆರಡು ಬಿಟ್ಟಿನಲ್ಲಿ ಮಾತ್ರ ಏಳುತ್ತದೆ. ಹೊಸದರಲ್ಲಿ ಅವಳ ಫೈಲುಗಳನ್ನು ತೆರೆದರೆ ಡಾಲರ್ ಗುರುತು, ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರ, ನಡುವೆ ಒಂದೆರಡು ಅಂಕಿ, ಇಷ್ಟೇ ಕಾಣುತ್ತದೆ. ಮೂವತ್ತೆರಡನ್ನು ಬಿಟ್ಟುಕೊಟ್ಟರೆ ಅವಳ ಕೈಯಲ್ಲಿ ಮೂಡಿದ ಅಕ್ಷರವೆಲ್ಲ ಹೋದಂತೆ. ಇಟ್ಟುಕೊಂಡರೆ ಮಗಳ ಓದು ಕುಂಟುತ್ತದೆ. ಇದಿಷ್ಟೇ ಪ್ರಶ್ನೆ. ಇದಕ್ಕೆ ನಾನು ಐದು ತಿಂಗಳು ತೆಗೆದುಕೊಂಡೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವಳು ಸಿರಾ ಸೀಮೆಯ ಒಂದು ಹಳ್ಳಿಯವಳು. ಪಿಯುಸಿವರೆಗೆ ಓದಿದ್ದಳು. ಅವಳ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹೋಗು ಓಗು. ಈ ಕಡೆ ಎಲ್ಲರ ಮಾತೂ ಹಾಗೆಯೇ, ನನ್ನ ತಾಯಿಯ ಮಾತೂ ಹಾಗೆಯೇ ಇತ್ತು. ಆದರೆ ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ಓದಿ ಬಂದಿದ್ದ ನನಗೆ ಹೆಂಡತಿಯ ಹಕಾರ ಮಾತ್ರ ಕಿವಿಗೆ ಚುಚ್ಚುತ್ತಿತ್ತು. ಮದುವೆಯಾದ ಹೊಸತರಲ್ಲಿ ಸಿದ್ದರಬೆಟ್ಟಕ್ಕೆ ಹೋಗಿದ್ದೆವು. ನಾನು ಮುಂದೆ, ಅವಳು ಹಿಂದೆ. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು "ಅತ್ತಿ ಅತ್ತಿ ಸಾಕಾಯ್ತು ಕಣ್ರೀ" ಎಂದಳು. "ಅಳೋದಾದ್ರೆ ಮನೇಲಿ ಅಳಬೋದಿತ್ತು. ಬೆಟ್ಟ ಹತ್ತೋದು, ಅತ್ತೋದಲ್ಲ. ಹೇಳು ನೋಡೋಣ, ಹ" ಎಂದೆ. ಅವಳು ಏದುಸಿರಿನಲ್ಲಿ "ಹ" ಎಂದಳು. ಇನ್ನೊಮ್ಮೆ ಹೇಳಿಸಿದೆ. ದಾರಿಯಲ್ಲಿ ಇಳಿದು ಬರುತ್ತಿದ್ದ ಯಾರೋ ನಕ್ಕರು. ಈ ಪ್ರಸಂಗವನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆಂದು ಈಗ ನೆನೆದರೆ ಮೈ ಉರಿಯುತ್ತದೆ.

ಕಂಪ್ಯೂಟರು ಬಂದಮೇಲೆ ಮಾತಿನ ತಪ್ಪು ಬರಹಕ್ಕೂ ಬಂತು. ಹಕಾರ ಬಿಡುತ್ತೇನೆಂಬ ಹೆದರಿಕೆಯಲ್ಲಿ ಬೇಡದ ಕಡೆಯೂ ಹಾಕತೊಡಗಿದಳು. ಅಕ್ಕಿ ಹಕ್ಕಿಯಾಯಿತು, ಅರಿಸಿನ ಹರಿಸಿನವಾಯಿತು. ಒಂದು ಮದುವೆ ಕಾರ್ಡಿನಲ್ಲಿ ಆರತಕ್ಷತೆ ಎಂಬುದು ಹಾರತಕ್ಷತೆ ಎಂದೇ ಅಚ್ಚಾಗಿ ಬಂತು. ಗಂಡಿನ ಕಡೆಯವರು ಕಟ್ಟು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದರು. ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಆರ ಆಕ್ತಾರಲ್ಲ ಅವತ್ತು, ಗಂಡಿಗೂ ಎಣ್ಣಿಗೂ, ಅದುಕ್ಕೆ ಅಂಗೆ ಅನ್ಕಂಡೆ" ಎಂದಳು. ಯೋಚಿಸಿದರೆ ಅದರಲ್ಲಿ ಒಂದು ನ್ಯಾಯವಿತ್ತು. ಹಾರ ಹಾಕುವ ದಿನ ಹಾರತಕ್ಷತೆ. ನಾನು ಆ ನ್ಯಾಯವನ್ನು ನೋಡಲಿಲ್ಲ. ಬಂದವರ ಎದುರಿಗೇ, ಕನ್ನಡ ಮೇಷ್ಟ್ರ ಮನೆಯಲ್ಲಿ ಕನ್ನಡ ಸತ್ತಿದೆ, ನೀವು ತಿಥಿ ಕಾರ್ಡು ಮಾಡಿಸಬೇಕಿತ್ತು ಎಂದೆ. ಅವರು ಸಿಟ್ಟು ಬಿಟ್ಟು ನಗಾಡಿದರು. ಅವಳು ಒಳಗೆ ಹೋದಳು. ಕಾರ್ಡುಗಳನ್ನು ಮತ್ತೆ ಮಾಡಿಸಿಕೊಟ್ಟಳು. ಆ ದಿನ ಊಟಕ್ಕೆ ಬಡಿಸುವಾಗ ಒಂದೂ ಮಾತಾಡಲಿಲ್ಲ. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಅಲ್ಲಿಂದ ಒಂದು ಪದ್ಧತಿ ಶುರುವಾಯಿತು. ಏನನ್ನೇ ಟೈಪು ಮಾಡಿದರೂ ಹಾಳಾದ ಕಾಗದದ ಹಿಂಬದಿಗೆ ಒಂದು ಪ್ರೂಫ್ ತೆಗೆದು ನನ್ನ ಮೇಜಿನ ಮೇಲಿಡುತ್ತಿದ್ದಳು. ನಾನು ಸ್ಕೂಲಿನಿಂದ ಬಂದು ಕಾಫಿ ಕುಡಿಯುತ್ತ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಹೆಚ್ಚಿಗೆ ತಪ್ಪಿದ್ದರೆ ಕೆಳಗೆ ಅಂಕವನ್ನೂ ಹಾಕುತ್ತಿದ್ದೆ, ಹತ್ತಕ್ಕೆ ನಾಲ್ಕು, ಹತ್ತಕ್ಕೆ ಐದು. ನನಗೆ ಅದು ತಮಾಷೆ. ತಿದ್ದಿದ್ದನ್ನು ಅವಳು ತೆಗೆದುಕೊಂಡು ಹೋಗಿ ಸರಿಮಾಡುತ್ತಿದ್ದಳು. ಅದರಾಚೆಗೆ ಅವಳು ಆ ಕೋಣೆಯಲ್ಲಿ ಹೇಗೆ ಕೆಲಸ ಮಾಡುತ್ತಾಳೆ, ಯಾವುದನ್ನು ಎಲ್ಲಿಡುತ್ತಾಳೆ, ಬಂದವರ ಜೊತೆ ಏನು ಮಾತಾಡುತ್ತಾಳೆ ಎಂಬುದನ್ನು ನಾನು ಕೇಳಿದವನಲ್ಲ. ಬಾಗಿಲು ದಾಟಿ ಒಳಗೆ ಹೋದದ್ದೂ ಕಡಿಮೆ. ಕಾಗದದ ಮೇಲೆ ಬಂದ ತಪ್ಪಷ್ಟೇ ನನಗೆ ಸೇರಿದ್ದು.

ಆಮೇಲೆ ಅವಳ ಮೂತ್ರಪಿಂಡ ಕೆಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಕಿಟಕಿಯ ಪಕ್ಕ ಅವಳು, ಈ ಪಕ್ಕ ನಾನು. ಕೊರಟಗೆರೆ ಬಂದಾಗಲೆಲ್ಲ ತಲೆ ತಿರುಗಿಸಿ ಸಿದ್ದರಬೆಟ್ಟದ ಕಡೆ ನೋಡುತ್ತಿದ್ದಳು. ಆ ದಿನಗಳಲ್ಲೇ ಅವಳು ಕೊಡುತ್ತಿದ್ದ ಫೈಲು ತಮ್ಮಲ್ಲಿ ತೆರೆಯುತ್ತಿಲ್ಲ, ತಾವು ಹೊಸ ಸಿಸ್ಟಮಿಗೆ ಹೋಗಿದ್ದೇವೆ ಎಂದು ಕಾರ್ಡು ಅಚ್ಚುಮಾಡುವ ಪ್ರೆಸ್ಸಿನವರು ಫೋನು ಮಾಡಿದ್ದರು. ಒಂದು ದಿನ ಕೊರಟಗೆರೆ ದಾಟಿದ ಮೇಲೆ ಅವಳು ಕಿಟಕಿಯ ಕಡೆಗೇ ನೋಡುತ್ತ, "ನಂದು ಓಲ್ಡಲ್ಲೇ ಉಳ್ಕಂತು ಕಣ್ರೀ" ಎಂದಳು.

ಪ್ರೆಸ್ಸಿನವರ ಮಾತು ಮನಸ್ಸಿನಲ್ಲಿದ್ದ ನನಗೆ ಅರ್ಥ ಸ್ಪಷ್ಟವಾಗಿತ್ತು. ಲೋಕವೆಲ್ಲ ಹೊಸದಕ್ಕೆ ಹೋಯಿತು, ನಾನು ಹಳೆಯದರಲ್ಲೇ ಉಳಿದುಬಿಟ್ಟೆ ಎಂದು ಕೊರಗುತ್ತಿದ್ದಾಳೆ. "ಮೊದ್ಲು ಹುಷಾರಾಗು. ಹೊಸದು ಹಾಕಿಸೋಣ" ಎಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. "ಓಗ್ಲಿ ಬುಡಿ" ಎಂದಳು. ಹೋಗ್ಲಿ, ಹೋಗ್ಲಿ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಕಾಯಿಲೆಯ ಹೆಂಗಸು, ಬೇಡ ಎಂದು ನುಂಗಿಕೊಂಡೆ. ನನ್ನ ದೊಡ್ಡತನವನ್ನು ನಾನೇ ಮೆಚ್ಚಿಕೊಂಡೆ ಕೂಡ. ಅದಾಗಿ ಎರಡು ತಿಂಗಳಿಗೆ ಅವಳು ಹೋದಳು.

ಅವಳ ಶಿವಗಣಾರಾಧನೆಯ ಕಾರ್ಡನ್ನು ಬೇರೆ ಯಾರೋ ಟೈಪು ಮಾಡಿದರು. ಅದರಲ್ಲಿ ಮೂರು ತಪ್ಪಿದ್ದವು. ನಾನು ಪ್ರೂಫ್ ನೋಡಿರಲಿಲ್ಲ.

ಎರಡು ವರ್ಷ ಆ ಕೋಣೆಯಲ್ಲಿ ಧೂಳು ಕೂತಿತು. ಮಗಳು ಆಗಾಗ ಕಂಪ್ಯೂಟರು ಹಾಕುತ್ತಿದ್ದಳು, ಅಷ್ಟೇ. ಈಗ ಅವಳ ಓದಿಗೆ ಅದು ಬೇಕಾದಾಗ ನನಗೆ ಹಿಂದೆಮುಂದೆ ನೋಡುವಂತಾಯಿತು. ಹೊಸ ಕಂಪ್ಯೂಟರೇ ತರೋಣವೆಂದರೆ ಆಗ ಕೈ ನಡೆಯುವಂತಿರಲಿಲ್ಲ. ಹಳೆಯದನ್ನು ಹಾಗೇ ಇಟ್ಟು ಹೇಗಾದರೂ ನಡೆಸೋಣ ಎಂದು ಮಗಳಿಗೆ ಒಂದು ತಿಂಗಳು ಹೇಳಿದೆ. ಇನ್ನೊಂದು ತಿಂಗಳು, ಪರೀಕ್ಷೆ ಮುಗಿಯಲಿ ಎಂದೆ. ಒಂದು ಬೆಳಿಗ್ಗೆ ಅವಳು ಫೋನನ್ನು ಮಂಚದ ಮೇಲೆ ಎಸೆದು, "ಅಮ್ಮ ಇದ್ದಾಗ ಆ ರೂಮಿಗೆ ಒಂದಿನ ಬಂದೋನಲ್ಲ ನೀನು. ಈಗ ಕಂಪ್ಯೂಟರ್‌ನ ಗದ್ದುಗೆ ಮಾಡ್ಕೊಂಡು ಪೂಜೆಗೆ ಕೂತಿದೀಯ" ಎಂದಳು. ಸಿಟ್ಟು ಬಂತು. ಆಮೇಲೆ ಬಸ್ಸಿನಲ್ಲಿ ಕೇಳಿದ್ದ ಮಾತು ನೆನಪಾಯಿತು. ಓಲ್ಡಲ್ಲೇ ಉಳ್ಕಂತು ಎಂದು ಹೆಂಡತಿಯೇ ಕೊರಗಿದ್ದಳಲ್ಲ, ಹೊಸದು ಹಾಕಿಸೋಣ ಎಂದು ನಾನೇ ಮಾತು ಕೊಟ್ಟಿದ್ದೆನಲ್ಲ. ಮಗಳಿಗೂ ಅದನ್ನೇ ಹೇಳಿದೆ, ನಿಮ್ಮಮ್ಮನಿಗೂ ಅದೇ ಆಸೆಯಿತ್ತು ಎಂದು. ಮಗಳ ಕಣ್ಣು ತುಂಬಿತು. ನನ್ನ ತೀರ್ಮಾನಕ್ಕೆ ಅವಳ ತಾಯಿಯ ಒಪ್ಪಿಗೆಯೂ ಸಿಕ್ಕಂತಾಗಿ ಮನಸ್ಸು ಹಗುರವಾಯಿತು.

ಸಿರಾದಿಂದ ಕಂಪ್ಯೂಟರ್ ರಿಪೇರಿಯವರು ಬಂದರು. ಐವತ್ತು ದಾಟಿದವರು, ಹೆಂಡತಿಗೆ ಮೊದಲಿನಿಂದಲೂ ಅವರೇ ಮಾಡಿಕೊಡುತ್ತಿದ್ದರು. ಎಲ್ಲ ನೋಡಿ, ಎಂಟು ಜಿಬಿ ರ‍್ಯಾಮ್ ಹಾಕಿದರೂ ಮೂವತ್ತೆರಡು ಬಿಟ್ಟು ಅದರಲ್ಲಿ ಅರ್ಧವನ್ನೂ ಬಳಸುವುದಿಲ್ಲ ಎಂದು ವಿವರಿಸಿದರು.

"ಬಿಟ್ಟು ಅಂದ್ರೆ ರಸ್ತೆ ಅಗಲ ಅಂತ ತಿಳ್ಕೊಳ್ಳಿ ಮೇಷ್ಟ್ರೇ. ನಿಮ್ಮೂರಿಂದ ಸಿರಾಕ್ಕೆ ಬರೋ ರೋಡು ಮೂವತ್ತೆರಡು. ಸಿರಾ ಹತ್ರ ಹೈವೇ ಇದೆಯಲ್ಲ, ಅದು ಅರವತ್ನಾಲ್ಕು."

"ನಮ್ಮವಳ ಸಾಫ್ಟ್‌ವೇರು?"

"ಅದು ಎತ್ತಿನ ಗಾಡಿ. ಹೈವೇಲಿ ಬಿಡಲ್ಲ. ಅದು ಖತಂ ಅಂತಾನೇ ಇಟ್ಕೊಳ್ಳಿ." ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. "ಅಕ್ಕಾವ್ರ ಕೆಲಸ ಪೂರಾ ಪಿಡಿಎಫ್ ಮಾಡಿ ಇಟ್ಕೊಂಬಿಡಿ. ಪಿಡಿಎಫ್ ಎಲ್ಲಾದ್ರೂ ಓದಬೋದು. ಹೊಸದು ಹಾಕೋಕೆ ಸಿ ಡ್ರೈವು, ಡೆಸ್ಕ್‌ಟಾಪು ಎಲ್ಲಾ ಒರೆಸ್ಲೇಬೇಕು. ಬೇಕಾದ್ದೆಲ್ಲ ತೆಗ್ದಿಟ್ಟು ಹೇಳಿ, ಆಗ ಬರ್ತೀನಿ. ಅವಸರ ಮಾಡ್ಬೇಡಿ."

ಅವಸರ ಮಾಡಲಿಲ್ಲ. ನಾಲ್ಕು ಭಾನುವಾರ ನಾನೂ ಮಗಳೂ ಆ ಕೋಣೆಯಲ್ಲಿ ಕೂತೆವು. ಮೊದಲು ಮಗಳು, ಅಕ್ಷರಗಳನ್ನೇ ಯುನಿಕೋಡಿನ ಹೊಸ ಕನ್ನಡಕ್ಕೆ ತಿರುಗಿಸುವ ಒಂದು ಉಪಾಯ ಮಾಡಿದಳು. ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕೂತು, ಆಶೀರ್ವಾದವೆಲ್ಲ ಆಶೀವಾರ್ದವಾಯಿತು. ಅದನ್ನು ಬಿಟ್ಟೆವು. ಒಂದೊಂದೇ ಫೈಲು ತೆರೆದು ಪಿಡಿಎಫ್ ಮಾಡತೊಡಗಿದೆವು. ಮದುವೆ ಎಂಬ ಫೋಲ್ಡರಿನಲ್ಲಿ ಮದುವೆಗಳು, ತಿಥಿ ಎಂಬುದರಲ್ಲಿ ತಿಥಿಗಳು, ಅರ್ಜಿ ಎಂಬುದರಲ್ಲಿ ಅರ್ಜಿಗಳು. ಎಲ್ಲ ಹೆಸರನ್ನೂ ಹೆಂಡತಿ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದಳು. ಪಾವಗಡದ ಒಂದು ಮನೆತನದ ಮೂರು ತಲೆಮಾರಿನ ಕಾರ್ಡುಗಳು ಅವಳಲ್ಲೇ ಆಗಿದ್ದವು. ಅಜ್ಜನ ತಿಥಿ, ಮೊಮ್ಮಗಳ ಮದುವೆ, ಮರಿಮಗುವಿನ ನಾಮಕರಣ. ಎಲ್ಲವೂ ನಾನು ತಿದ್ದಿದ ಮೇಲಿನವು, ಒಂದೂ ತಪ್ಪಿಲ್ಲ. ಪುಟ ತಿರುವುತ್ತ ನನಗೆ ನನ್ನದೇ ಕೆಲಸ ನೋಡಿದಂತೆ ಖುಷಿಯಾಯಿತು.

ಕಡೆಗೆ ಡೆಸ್ಕ್‌ಟಾಪಿನ ಮೇಲೆ, ಎಡಗಡೆ ಮೂಲೆಯಲ್ಲಿ ಒಂದು ಫೋಲ್ಡರು ಉಳಿಯಿತು. ಓ, ಎಲ್, ಡಿ. ಓಲ್ಡ್. ಮಗಳು ತೆರೆದಳು. ಒಳಗೆ ನೂರಕ್ಕೂ ಹೆಚ್ಚು ಫೈಲುಗಳು. ಮೇಲಿನ ಒಂದನ್ನು ನೋಡಿದೆವು. ಯಾರದೋ ಮದುವೆ, ಮುಹೂರ್ತದ ಜಾಗ ಖಾಲಿ. ಇನ್ನೊಂದು, ಯಾವುದೋ ಸಂಘದ ವರದಿ, ಅರ್ಧಕ್ಕೇ ನಿಂತಿದೆ. ಮೂರನೆಯದರಲ್ಲಿ ಎರಡನೆಯ ಸಾಲಿನಲ್ಲೇ "ಹಣ್ಣ ತಮ್ಮಂದಿರು" ಎಂದಿತ್ತು. ನನ್ನ ಕೆಂಪು ಪೆನ್ನು ತಾಗದ ಕಚ್ಚಾ ಸರಕು.

"ಇದನ್ನೂ ಮಾಡ್ಲಾ ಅಪ್ಪ?" ಎಂದಳು ಮಗಳು.

"ಹಳೇ ಗುಜರಿ ಅದು. ಅವಳೇ ಓಲ್ಡ್ ಅಂತ ಬರೆದಿದಾಳಲ್ಲ" ಎಂದೆ.

ಅಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಅಷ್ಟೇ ಆಗಿರಲಿಲ್ಲ. ಆ ಫೋಲ್ಡರು ಅವಳ ತಪ್ಪುಗಳ ಗಂಟು ಎಂದು ನನಗೆ ಕಂಡಿತು. ಮುಂದೆ ಮಗಳ ಕಡೆಯವರೋ ಮೊಮ್ಮಕ್ಕಳೋ ತೆರೆದು ನೋಡಿ ನಗುವುದು ಬೇಡ, ಅವಳದು ಶುದ್ಧವಾಗಿ ಇರುವುದಷ್ಟೇ ಉಳಿಯಲಿ ಎಂದುಕೊಂಡೆ. ಅವಳ ಮರ್ಯಾದೆ ಕಾಪಾಡುತ್ತಿದ್ದೇನೆ ಎಂಬ ಭಾವನೆಯೇ ಇತ್ತು. ರಿಪೇರಿಯವರು ಬಂದ ದಿನ ಅವರೂ ಆ ಫೋಲ್ಡರಿನ ಮೇಲೆ ಬಾಣದ ಗುರುತು ನಿಲ್ಲಿಸಿ ಕೇಳಿದರು. "ಇದೊಂದು ಡೆಸ್ಕ್‌ಟಾಪಲ್ಲೇ ಇದೆ ಮೇಷ್ಟ್ರೇ. ಬೇಕಾ? ಪೆನ್‌ಡ್ರೈವಲ್ಲಿ ಜಾಗ ಬೇಜಾನ್ ಇದೆ." ಬೇಡ ಎಂದೆ. "ಪಕ್ಕಾ?" ಎಂದರು. ಪಕ್ಕಾ ಎಂದೆ. ಹೀಗೆ ಮೂರು ಸಲ ನನ್ನನ್ನು ಕೇಳಲಾಗಿದೆ. ಯಾರ ಮೇಲೂ ಹೊರಿಸುವಂತಿಲ್ಲ.

ಅರವತ್ನಾಲ್ಕು ಬಿಟ್ಟು ಬಂತು. ತೆರೆಯ ಬಣ್ಣವೇ ಬೇರೆಯಾಯಿತು. ಮಗಳ ಪಾಠಗಳು ತಡೆಯಿಲ್ಲದೆ ಓಡಿದವು, ಹಣೆಯ ಬಟ್ಟೆ ಹೋಯಿತು. ಇಷ್ಟು ಸುಲಭದ ಕೆಲಸಕ್ಕೆ ಐದು ತಿಂಗಳು ಒದ್ದಾಡಿದೆನಲ್ಲ ಎಂದು ನನಗೇ ನಗು ಬಂತು.

ತಿಂಗಳು ಕಳೆದಿರಬೇಕು. ಒಂದು ಶನಿವಾರ ಮಧ್ಯಾಹ್ನ ಚನ್ನರಾಯನದುರ್ಗದಿಂದ ಒಬ್ಬ ಹೆಂಗಸು ಬಂದರು. ಅಲ್ಲಿನ ಅಂಗನವಾಡಿಯಲ್ಲಿ ಕೆಲಸ ಮಾಡುವವರು. ತಮ್ಮ ಸಂಘದ ಕಾಗದಪತ್ರ ಮಾಡಿಸಲು ನನ್ನ ಹೆಂಡತಿಯ ಬಳಿ ವರ್ಷಾನುಗಟ್ಟಲೆ ಬರುತ್ತಿದ್ದರಂತೆ. ನನಗೆ ಮುಖ ನೋಡಿದ ನೆನಪಷ್ಟೇ ಇತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗೋಡೆಯ ಮೇಲಿನ ಫೋಟೋಕ್ಕೆ ಕೈ ಮುಗಿದು ಕೂತರು.

"ನಮ್ಮನೆ ಗುರುಪ್ರವೇಶ ಸಾ. ತಾರಸಿ ಆಕೋಕಾಗ್ದೆ ಮೂರೊರ್ಸ ನಿಂತೋಗಿತ್ತು. ಈಗ ಆಯ್ತು. ಕಾರ್ಡು ಆಗ್ಲೇ ಅಕ್ಕ ಮಾಡಿದ್ರು. ಬಲೇ ಚೆನ್ನಾಗಿತ್ತು. ದಿನ ಗೊತ್ತಾಗೋಗಂಟ ಇರ್ಲಿ ಅಂತ ಓಲ್ಡಲ್ಲಿ ಮಡಗಿದ್ರು. ಅದುನ್ನೇ ಕೊಟ್ಬುಡಿ, ಪ್ರೆಸ್ಸಿಗೆ ಕೊಡ್ತೀನಿ."

"ಹಳೇದೆಲ್ಲ ತೆಗೆದುಹಾಕಿದೀವಮ್ಮ. ಹೊಸದಾಗಿ ಮಗಳ ಕೈಲಿ ಮಾಡಿಸಿಕೊಡ್ತೀನಿ" ಎಂದೆ.

"ಅಳೇದಲ್ಲ ಸಾ. ಓಲ್ಡಲ್ಲಿತ್ತು."

"ಅದೇ ತಾಯಿ. ಓಲ್ಡ್ ಅಂದ್ರೆ ಹಳೇದು."

"ಅಯ್ಯೋ ಅಂಗಲ್ಲ ಸಾ." ಮೇಷ್ಟ್ರಿಗೆ ಪಾಠ ಹೇಳಬೇಕಾಗಿ ಬಂದದ್ದಕ್ಕೆ ಅವರಿಗೆ ಸಂಕೋಚ. ಬಲಗೈಯನ್ನು ಕಿವಿಗೆ ಹಿಡಿದು ತೋರಿಸಿದರು. "ಫೋನಲ್ಲಿ ಓಲ್ಡ್ ಮಾಡಿ ಅಂತಾರಲ್ಲ, ಅದು. ತಡ್ದು ಮಡಗೋದು. ಮುಗೀದೇ ಇರೋದ್ನೆಲ್ಲ ಅಕ್ಕ ಅದ್ರಲ್ಲೇ ಮಡಗ್ತಿದ್ದುದ್ದು. ಓಲ್ಡಲ್ಲೈತೆ ಕಣಮ್ಮ, ಎಲ್ಗೂ ಓಗಲ್ಲ ಅಂತಿದ್ರು."

ಹೋಲ್ಡ್.

ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹಾಲು, ಹಳ್ಳಿ, ಹೋಗು ಎಲ್ಲಕ್ಕೂ ಹಕಾರ ಹುಡುಕಿ ಹುಡುಕಿ ಹಾಕಿದವನು ನಾನು. ಇಂಗ್ಲಿಷ್ ಪದವನ್ನೂ ಹೆಂಡತಿ ಅದೇ ಬಾಯಲ್ಲೇ ಆಡುತ್ತಾಳೆ, ಅದೇ ಕಿವಿಯಲ್ಲಿ ಕೇಳಿ ಅದರಂತೆಯೇ ಬರೆಯುತ್ತಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ. ಬಸ್ಸಿನಲ್ಲಿ ಓಗ್ಲಿ ಎಂಬುದನ್ನು ಮನಸ್ಸಿನಲ್ಲೇ ತಿದ್ದಿಕೊಂಡವನಿಗೆ ಅದರ ಹಿಂದಿನ ಮಾತು ಕೇಳಿಸಿರಲಿಲ್ಲ. ನಂದು ಓಲ್ಡಲ್ಲೇ ಉಳ್ಕಂತು ಕಣ್ರೀ. ಅವಳು ಕೊರಗುತ್ತಿರಲಿಲ್ಲ, ನನಗೊಂದು ವಿಷಯ ಹೇಳುತ್ತಿದ್ದಳು.

"ಅವಳದು ಏನಾದ್ರೂ ಇತ್ತಾ ಅದ್ರಲ್ಲಿ?" ಎಂದು ಕೇಳಿದೆ.

"ಇತ್ತಲ್ಲ ಸಾ. ಬರೀತಿದ್ರು. ನಿಮಗೆ ಯೋಳಿರ್ಲಿಲ್ವಾ?" ಆಕೆಗೆ ತಾನು ಆಡಬಾರದ್ದು ಆಡಿದೆನೇನೋ ಎನಿಸಿ ಮಗಳ ಕಡೆ ನೋಡಿದರು. ಮಗಳು ತಲೆ ಆಡಿಸಿದ ಮೇಲೆ ಮುಂದುವರಿಸಿದರು. "ಒಂದ್ ದಪ ನಂಗೆ ಓದಿ ಯೋಳುದ್ರು. ಎಂಟೋ ಒಂಬತ್ತೋ ಪುಟ. ನೀವಿಬ್ರೂ ಮದ್ವೆ ಆದೊಸ್ದ್ರಲ್ಲಿ ಸಿದ್ದರಬೆಟ್ಟಕ್ಕೆ ಓಗಿದ್ದು. ನೀವು ಮುಂದೆ ಮುಂದೆ ಓಗೋದು, ಅಕ್ಕ ಇಂದೆ. ಮೊದ್ಲು ಮೊದ್ಲು ನಗು ಬಂತು ಸಾ. ಆಮೇಕೆ ಆಮೇಕೆ ಸುಮ್ನಾಗ್ಬುಟ್ಟೆ. ಪ್ರಿಂಟು ತೆಗ್ದು ಒಂದು ಕೊಡಕ್ಕ ಅಂದೆ. ಇಲ್ಲ ಕಣಮ್ಮ, ನಮ್ಮೆಜಮಾನ್ರು ತಿದ್ದಬೇಕು, ಇದ್ರ ತುಂಬ ಅಕಾರದ ತೆಪ್ಪಿರ್ತವೆ, ಅವರು ತಿದ್ದೋಗಂಟ ಓಲ್ಡಲ್ಲಿರ್ಲಿ ಅಂದ್ರು."

"ಯಾಕೆ ನನಗೆ ಕೊಡಲಿಲ್ಲ?" ಎಂದೆ. ಅದನ್ನು ಆಕೆಯನ್ನು ಕೇಳಿ ಏನು ಫಲ.

"ಮಾರ್ಕ್ಸ್ ಆಕ್ತಾರೆ ಅಂದ್ರು" ಎಂದರು ಆಕೆ. ಅದನ್ನು ನಗುತ್ತಲೇ ಹೇಳಿದರು. ಪಾಪ, ಹೆಂಡತಿಯೂ ನಗುತ್ತಲೇ ಹೇಳಿರಬೇಕು.

ಅದಕ್ಕೆ ಏನೆಂದು ಹೆಸರಿಟ್ಟಿದ್ದಳು ಎಂದು ಕೇಳಿದೆ. ಆಕೆ ನೆನಪು ಮಾಡಿಕೊಂಡು ಹೇಳಿದರು.

"ಬೆಟ್ಟ ಅತ್ತಿದ್ದು."

"ಹತ್ತಿದ್ದೋ, ಅತ್ತಿದ್ದೋ?"

"ಅದೇ ಸಾ. ಅತ್ತಿದ್ದು."

ಇನ್ನೊಂದು ಸಲ ಕೇಳಿದೆ. ಬಿಡಿಸಿ, ನಿಧಾನವಾಗಿ, ತರಗತಿಯಲ್ಲಿ ಕೇಳುವ ಹಾಗೆ ಕೇಳಿದೆ. ಆಕೆ ಮತ್ತೆ ಅತ್ತಿದ್ದು ಎಂದೇ ಹೇಳಿ, ನನ್ನ ಮುಖ ನೋಡಿ ಹೆದರಿದರು. ಆಕೆಯ ಬಾಯಲ್ಲೂ ಹಕಾರವಿಲ್ಲ. ಪುಟದ ಮೇಲೆ ಹೇಗೆ ಬರೆದಿತ್ತು ಎಂದರೆ, ನಾನೆಲ್ಲಿ ನೋಡ್ದೆ ಸಾ, ಅಕ್ಕ ಓದಿದ್ದು ಕೇಳಿಸ್ಕಂಡೆ ಅಷ್ಟೇ ಎಂದರು. ಮಗಳು ಕಾಫಿ ತಂದುಕೊಟ್ಟಳು. ಗೃಹಪ್ರವೇಶದ ಕಾರ್ಡನ್ನು ಅವಳೇ ಕೂತು ಮಾಡಿದಳು, ನೆನಪಿದ್ದಷ್ಟು ಸಾಲುಗಳನ್ನು ಆಕೆ ಹೇಳಿದರು. ಹೋಗುವಾಗ ಆಕೆ, ಅಕ್ಕ ಮಾಡಿದ್ದು ಇನ್ನೂ ಚೆನ್ನಾಗಿತ್ತು ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

ಮಾರನೆಯ ದಿನವೇ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಿರಾಕ್ಕೆ ಹೋದೆ. ರಿಪೇರಿಯವರು, ಬೇಕಾ ಎಂದು ಕೇಳಿದ್ದೆನಲ್ಲ ಎಂದು ಒಂದು ಸಲ ಅಂದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಒರೆಸಿದ ಡಿಸ್ಕಿನಿಂದ ಹಳೆಯದನ್ನು ಎತ್ತುವ ಕೆಲಸಕ್ಕೆ ಹಚ್ಚಿದರು. ಎರಡು ದಿನ ಬಿಟ್ಟು ಬನ್ನಿ ಎಂದರು. ಎರಡು ದಿನಕ್ಕೆ ಹೋದೆ. ಹೊಸ ಸಿಸ್ಟಮ್ ಅದೇ ಜಾಗದ ಮೇಲೆ ಕೂತುಬಿಟ್ಟಿದೆ, ಮಗಳ ಪಾಠದ ವಿಡಿಯೊಗಳೂ ಅದರ ಮೇಲೆ ಬಂದು ಬಿದ್ದಿವೆ, ಚೂರುಚೂರು ಸಿಕ್ಕಿದೆ ಎಂದರು. ಆ ಚೂರುಗಳಿಗೆ ಹೆಸರಿರಲಿಲ್ಲ. ಹಳೆಯ ಸಾಫ್ಟ್‌ವೇರಿದ್ದ ಇನ್ನೊಂದು ಮೂವತ್ತೆರಡು ಬಿಟ್ಟಿನ ಕಂಪ್ಯೂಟರನ್ನು ಎಲ್ಲಿಂದಲೋ ತರಿಸಿ ತೆರೆದರು. ಒಂದರಲ್ಲಿ ಯಾರದೋ ಮದುವೆಯ ಸುಖಾಗಮನ ಬಯಸುವವರು ಸಿಕ್ಕರು. ಇನ್ನೊಂದರಲ್ಲಿ ಬರೀ ದೀರ್ಘದ ಗುರುತುಗಳು. ಸಂಜೆಯವರೆಗೆ ನೋಡಿದೆವು. ಬೆಟ್ಟ ಎಲ್ಲಿಯೂ ಸಿಗಲಿಲ್ಲ.

"ಮಾಫ್ ಮಾಡಿ ಮೇಷ್ಟ್ರೇ" ಎಂದರು ಅವರು. ಅವರು ಕೇಳಬೇಕಾದ ಮಾತಲ್ಲ ಅದು.

ಈಗ ಮಗಳ ಓದು ಮುಗಿದಿದೆ. ಅವಳಿಗೆ ಕೊರಟಗೆರೆಯ ಹತ್ತಿರ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಾನು ಸ್ಕೂಲಿನಲ್ಲಿ ಮಕ್ಕಳ ಹಕಾರ ತಿದ್ದುವುದನ್ನು ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ತಿದ್ದಲೇಬೇಕು. ಅಂಕ ಬರೆಯುವಾಗ ಮಾತ್ರ ಕೈ ತಡೆಯುತ್ತದೆ.

ಕಳೆದ ಭಾನುವಾರ ಬೆಳಿಗ್ಗೆ ಆ ಕೋಣೆಯಲ್ಲಿ ಕೂತು, ಮಗಳಿಂದ ಹೇಳಿಸಿಕೊಂಡು ಹೊಸ ಕನ್ನಡದಲ್ಲಿ ಎರಡು ಪದ ಟೈಪು ಮಾಡಿದೆ. ಬೆಟ್ಟ ಅತ್ತಿದ್ದು. 'ಅ' ಅಳಿಸಿ 'ಹ' ಹಾಕಬೇಕು ಎಂದು ಕೈ ತಾನಾಗಿ ಹೋಯಿತು, ಅಲ್ಲೇ ನಿಂತಿತು. ಹತ್ತಿದ್ದು ಎಂದು ಬರೆಯಹೋಗಿ ತಪ್ಪಿದ್ದಳೋ, ಅತ್ತಿದ್ದು ಎಂದೇ ತಿಳಿದು ಬರೆದಿದ್ದಳೋ. ಇಷ್ಟು ವರ್ಷ ಅವಳ ತಪ್ಪನ್ನು ತಿದ್ದಿದ ನನಗೆ ಈ ಒಂದು ಪದ ತಪ್ಪೋ ಸರಿಯೋ ತಿಳಿಯುತ್ತಿಲ್ಲ, ಇನ್ನು ತಿಳಿಯುವುದೂ ಇಲ್ಲ. ಅದರ ಕೆಳಗಿನ ಎಂಟೋ ಒಂಬತ್ತೋ ಪುಟವನ್ನು ನಾನೇ ಒರೆಸಿ ಹಾಕಿದ್ದೇನೆ.

ಆ ಎರಡು ಪದ ಬಿಟ್ಟರೆ ಪುಟ ಖಾಲಿಯೇ ಇತ್ತು. ಮಗಳು ಬೆನ್ನ ಹಿಂದೆ ನಿಂತಿದ್ದಳು.

"ಸೇವ್ ಮಾಡ್ಲಾ ಅಪ್ಪ? ಎಲ್ಲಿಡ್ಲಿ?" ಎಂದು ಕೇಳಿದಳು.

"ಓಲ್ಡಲ್ಲಿ ಮಡಗು" ಎಂದೆ.